ಸೊಸಾಯಿಟಿಯ ಹಳೆ ಡಬ್ಬಿ, ಹುಡುಗರ ಹೊಸ ಆಟ

ತೆಲಸಂಗಕ್ಕೆ ಕಂಪ್ಯೂಟರ್ ಬಂದದ್ದು ಆಟಕ್ಕಲ್ಲ, ಕಚೇರಿಯ ಕೆಲಸಕ್ಕೆ. ಅಥಣಿಗೂ ವಿಜಯಪುರಕ್ಕೂ ನಡುವಿನ ಊರು ನಮ್ಮದು. ಅಥಣಿ ತಾಲ್ಲೂಕು ಅಂದರೆ ಕೃಷ್ಣಾ ನದಿ, ಕಬ್ಬು, ಸಕ್ಕರೆ ಕಾರ್ಖಾನೆ ಅಂತ ಹೊರಗಿನವರು ತಿಳಿದಿರುತ್ತಾರೆ. ಆ ನೀರು ನಮ್ಮ ಮೂಡಣ ಭಾಗದ ತನಕ ಹರಿದು ಬಂದದ್ದಲ್ಲ. ಇಲ್ಲಿ ಜೋಳ, ತೊಗರಿ, ಬೋರಿನ ನೀರು ನಂಬಿ ಹಚ್ಚಿದ ದ್ರಾಕ್ಷಿ. ಇಂಥ ಊರಿನವರು ಕಂಪ್ಯೂಟರನ್ನು ಮೊದಲು ಕಂಡದ್ದು ಉತಾರದ, ಅಂದರೆ ಪಹಣಿಯ, ಸಲುವಾಗಿ. ಭೂಮಿ ಯೋಜನೆ ಬಂದು ಕೈಬರಹದ ಪಹಣಿ ಹೋದ ಮೇಲೆ ರೈತರು ಅಥಣಿಯ ತಹಶೀಲ್ದಾರ್ ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಅಚ್ಚಾದ ಉತಾರ ತರತೊಡಗಿದರು. ಕೆಲವು ವರ್ಷಕ್ಕೆ ಹೋಬಳಿ ಮಟ್ಟದ ನೆಮ್ಮದಿ ಕೇಂದ್ರಗಳು ಬಂದವು. ಲಗ್ನಪತ್ರ ಅಚ್ಚು ಹಾಕುವ ಡಿಟಿಪಿ ಅಂಗಡಿಗಳಲ್ಲಿ ಶ್ರೀಲಿಪಿ, ಕಚೇರಿಗಳಲ್ಲಿ ನುಡಿ ತಂತ್ರಾಂಶ, ಪತ್ತಿನ ಸೊಸಾಯಿಟಿಗಳಲ್ಲಿ ಠೇವಣಿ–ಸಾಲದ ಲೆಕ್ಕ. ಎಲ್ಲ ಕಡೆಯೂ ಕಂಪ್ಯೂಟರ್ ಕಟಕಟೆಯ ಆಚೆಗೆ, ನಾವು ಈಚೆಗೆ.

ಹುಡುಗರಾದ ನಮಗೆ ಅದರ ಮೇಲೆ ಆಸೆ ಹುಟ್ಟಿದ್ದು ಮಾತ್ರ ಆಟದಿಂದ. ಆಗಿನ ಬಿಜಾಪುರಕ್ಕೆ ದವಾಖಾನೆಗೋ ಬಟ್ಟೆ ಖರೀದಿಗೋ ಹೋದಾಗ ಸೈಬರ್ ಕೆಫೆಯಲ್ಲಿ ಕಾಲೇಜು ಹುಡುಗರು ಕೌಂಟರ್ ಸ್ಟ್ರೈಕ್ ಆಡುವುದನ್ನೂ, ಜಿಟಿಎ ವೈಸ್ ಸಿಟಿಯಲ್ಲಿ ಬೈಕು ಓಡಿಸುವುದನ್ನೂ ಬಾಗಿಲಲ್ಲಿ ನಿಂತು ನೋಡಿದ್ದೆವು. ವೈಸ್ ಸಿಟಿ ಕಂಪ್ಯೂಟರಿಗೆ ಬಂದದ್ದು 2003ರಲ್ಲಿ. ನಮ್ಮ ಕಡೆಗೆ ಅದರ ನಕಲು ಸಿ.ಡಿ. ಬರಲು ತಡವಾಗಲಿಲ್ಲ.

ನಮ್ಮ ಮನೆಗೆ ಬಂದ ಮೊದಲ ಕಂಪ್ಯೂಟರ್ ಕೂಡ ಕಚೇರಿಯದೇ. ಒಣದ್ರಾಕ್ಷಿ ವ್ಯಾಪಾರದಲ್ಲಿದ್ದ ನಮ್ಮ ಮಾಮಾ 2004ರಲ್ಲಿ ಲೆಕ್ಕಪತ್ರಕ್ಕೆ ಹೊಸದೊಂದನ್ನು ತಂದು ಹಳೆಯದನ್ನು ನಮಗೆ ಕಳಿಸಿದರು. ಪೆಂಟಿಯಂ 3, ವೇಗ 733 ಮೆಗಾಹರ್ಟ್ಸ್, 64 ಎಂಬಿ ರ‍್ಯಾಮ್, ವಿಂಡೋಸ್ 98, ಇಬ್ಬರು ಹಿಡಿದು ಎತ್ತಬೇಕಾದ ಮಾನಿಟರ್. ಅದರಲ್ಲಿ ಡೇವ್, ಪ್ರಿನ್ಸ್ ಆಫ್ ಪರ್ಷಿಯಾ, ಕ್ಲಾ, ರೋಡ್ ರ‍್ಯಾಶ್ ಸರಾಗವಾಗಿ ಓಡುತ್ತಿದ್ದವು. ವೈಸ್ ಸಿಟಿ ಸಿ.ಡಿ. ಹಾಕಿದರೆ ಇನ್‌ಸ್ಟಾಲ್ ಆಗುತ್ತಿತ್ತು. ಆಟ ತೆರೆಯಲು ಹೋದರೆ ವಿಡಿಯೋ ಮೆಮರಿ ಸಾಲದು ಎಂಬ ಅರ್ಥದ ಇಂಗ್ಲಿಷ್ ಸಂದೇಶವೊಂದು ಬಂದು ನಿಲ್ಲುತ್ತಿತ್ತು.

ಸಿ.ಡಿ. ಜೊತೆಗೆ ಬಂದ ಜೆರಾಕ್ಸ್ ಹೊದಿಕೆಯ ಹಿಂಬದಿಯಲ್ಲಿ ಆಟಕ್ಕೆ ಏನೇನು ಬೇಕೆಂದು ಬರೆದಿತ್ತು: 800 ಮೆಗಾಹರ್ಟ್ಸ್ ಪ್ರೊಸೆಸರ್, 128 ಎಂಬಿ ರ‍್ಯಾಮ್, 32 ಎಂಬಿಯ ಗ್ರಾಫಿಕ್ಸ್ ಕಾರ್ಡ್. ಮೊದಲಿನದು ಸ್ವಲ್ಪ ಕಡಿಮೆ, ಎರಡನೆಯದು ಅರ್ಧ, ಮೂರನೆಯದು ಇಲ್ಲವೇ ಇಲ್ಲ. ಇದನ್ನು ಓದಿ ತಿಳಿಸುವವರು ಆಗ ಊರಲ್ಲಿ ಯಾರೂ ಇರಲಿಲ್ಲ. ಅಣ್ಣ ಡಬ್ಬಿಯನ್ನು ಬಸ್ಸಿನಲ್ಲಿ ಇಟ್ಟುಕೊಂಡು ರಿಪೇರಿ ಅಂಗಡಿಯೊಂದಕ್ಕೆ ಒಯ್ದ. ಅಂಗಡಿಯವರು ರ‍್ಯಾಮ್ ಹಾಕಿದರೆ ಓಡುತ್ತದೆ ಅಂದರು. ಮಾರುಕಟ್ಟೆ ಆಗಲೇ ಡಿಡಿಆರ್ ರ‍್ಯಾಮ್‌ಗೆ ಹೊರಳಿತ್ತು. ನಮ್ಮ ಯಂತ್ರಕ್ಕೆ ಬೇಕಾದ ಹಳೆಯ ಎಸ್‌ಡಿ ರ‍್ಯಾಮ್ ಹೊಸದಕ್ಕಿಂತ ತುಟ್ಟಿ. ದುಡ್ಡು ಕೊಟ್ಟು ಹಾಕಿಸಿದ ಮೇಲೂ ಅದೇ ಸಂದೇಶ. ಆಮೇಲೆ ಬೇರೊಬ್ಬ ಮೆಕ್ಯಾನಿಕ್ ಮುಚ್ಚಳ ತೆಗೆದು ಟಾರ್ಚ್ ಹಾಕಿ ನೋಡಿ ಹೇಳಿದ್ದು ಒಂದೇ ಮಾತು: "ಇದರಾಗ ಕಾರ್ಡ್ ಕೂಡ್ರಸಾಕ ಜಾಗಾನ ಕೊಟ್ಟಿಲ್ಲ ತಮ್ಮಾ."

ಅವರ ಮಾತು ನಿಜ. ಇಂಟೆಲ್ 810 ಸರಣಿಯ ಚಿಪ್‌ಸೆಟ್ಟಿನ ಮದರ್‌ಬೋರ್ಡ್ ಅದು. ಕಚೇರಿಗೆ ಅಗ್ಗದಲ್ಲಿ ಯಂತ್ರ ಬೇಕಾದವರಿಗಾಗಿ ಮಾಡಿದ್ದು. ಚಿತ್ರ ಮೂಡಿಸುವ ಕೆಲಸವನ್ನು ಚಿಪ್‌ಸೆಟ್ಟೇ ಮಾಡುತ್ತಿತ್ತು, ಗ್ರಾಫಿಕ್ಸ್ ಕಾರ್ಡ್ ಕೂರಿಸುವ ಎಜಿಪಿ ಸ್ಲಾಟನ್ನೇ ಅದಕ್ಕೆ ಕೊಟ್ಟಿರಲಿಲ್ಲ. ಪಿಸಿಐ ಸ್ಲಾಟಿಗೆ ಹೊಂದುವ ಕಾರ್ಡುಗಳು ಬೇರೆ ಕಡೆ ಇದ್ದವಾದರೂ ನಮ್ಮ ಸುತ್ತಿನ ಅಂಗಡಿಗಳಲ್ಲಿ ಸಿಗಲಿಲ್ಲ. ಹೀಗೆ ಆ ಕಂಪ್ಯೂಟರಿನ ಕಥೆ ಅಲ್ಲಿಗೇ ನಿಂತಿತು. ಹೊಸದಾಗಿ ಅಸೆಂಬಲ್ ಮಾಡಿಸಬೇಕೆಂದರೆ ಮಾನಿಟರ್ ಸಹಿತ ಮೂವತ್ತು ಸಾವಿರದ ಹತ್ತಿರ. ಮಳೆ ನಂಬಿದ ಮನೆಯಲ್ಲಿ ಆಟಕ್ಕೆಂದು ಅಷ್ಟು ದುಡ್ಡು ಕೇಳುವ ಮಾತೇ ಇರಲಿಲ್ಲ.

ಆ ಕಾಲದ ಯಂತ್ರಗಳು ಎಷ್ಟು ಬೇಗ ಮುದಿಯಾಗುತ್ತಿದ್ದವು ಎಂಬುದು ಇಂದಿನ ಹುಡುಗರಿಗೆ ನಂಬಲಿಕ್ಕೆ ಕಷ್ಟ. 2000ದ ಕೊನೆಗೆ ಪೆಂಟಿಯಂ 4 ಬಂದಾಗ ಅದರ ಗರಿಷ್ಠ ವೇಗ 1.5 ಗಿಗಾಹರ್ಟ್ಸ್. 2004 ಮುಗಿಯುವುದರೊಳಗೆ ಅದು 3.8ಕ್ಕೆ ಮುಟ್ಟಿತು. ಅದೇ ವರ್ಷ ಎಜಿಪಿಯ ಜಾಗಕ್ಕೆ ಪಿಸಿಐ ಎಕ್ಸ್‌ಪ್ರೆಸ್, ಡಿಡಿಆರ್ ಜಾಗಕ್ಕೆ ಡಿಡಿಆರ್2 ಬರತೊಡಗಿದವು. ಪ್ರೊಸೆಸರಿನ ಸಾಕೆಟ್ ಬೇರೆ, ರ‍್ಯಾಮಿನ ಕಚ್ಚು ಬೇರೆ, ಕಾರ್ಡಿನ ಸ್ಲಾಟ್ ಬೇರೆ. ನಾಲ್ಕು ವರ್ಷ ಹಳೆಯ ಯಂತ್ರದ ಈ ಭಾಗಗಳಲ್ಲಿ ಒಂದನ್ನೂ ಹೊಸದಕ್ಕೆ ಹಾಕುವಂತಿರಲಿಲ್ಲ, ಹೊಸದನ್ನು ಹಳೆಯದಕ್ಕೂ ಹಾಕುವಂತಿರಲಿಲ್ಲ. ಬಡವರ ಮನೆಗೆ ಹಳೆಯದು ಬಂದು ತಲುಪುವ ಹೊತ್ತಿಗೆ ಅದರ ಆಯುಷ್ಯ ತೀರಿರುತ್ತಿತ್ತು.

ಕರೆಂಟಿನದು ಇನ್ನೊಂದು ಕಥೆ. ಹಗಲೆಲ್ಲ ಸಿಂಗಲ್ ಫೇಸ್, ಸಂಜೆ ಲೋಡ್ ಶೆಡ್ಡಿಂಗ್. ವೋಲ್ಟೇಜ್ ಇಳಿದಾಗ ಮಾನಿಟರಿನ ಚಿತ್ರ ನಾಲ್ಕೂ ಕಡೆಯಿಂದ ಕುಗ್ಗುತ್ತಿತ್ತು. ಯುಪಿಎಸ್‌ನ ಬ್ಯಾಟರಿ ಆ ದೊಡ್ಡ ಮಾನಿಟರನ್ನು ಹೊತ್ತು ಬಹಳ ಹೊತ್ತು ತಡೆಯುತ್ತಿರಲಿಲ್ಲ, ಅದು ಕೂಗತೊಡಗಿದ ಕೂಡಲೇ ಆಟ ಬಿಟ್ಟು ಯಂತ್ರ ಬಂದ್ ಮಾಡಬೇಕು. ಮುಂದೆ ನಿರಂತರ ಜ್ಯೋತಿ ಯೋಜನೆ ಬಂದು ಹೊಲದ ಲೈನು ಬೇರೆ, ಮನೆಯ ಲೈನು ಬೇರೆ ಆಗುವ ತನಕ ಹಳ್ಳಿಯ ಮನೆಗಳಲ್ಲಿ ಕಂಪ್ಯೂಟರ್ ಅಂದರೆ ಹೀಗೇ.

ಆಮೇಲಿನ ಹತ್ತು–ಹನ್ನೆರಡು ವರ್ಷ ಊರಿನ ಆಟವನ್ನೆಲ್ಲ ಮೊಬೈಲ್ ನುಂಗಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. 2018ರಲ್ಲಿ ಪಬ್ಜಿ ಬಂತು. ಸಂಜೆಯಾದರೆ ಹುಡುಗರು ಗುಂಪುಗೂಡಿ ತಲೆ ಬಗ್ಗಿಸಿ ಕೂರುವುದು ಎಲ್ಲ ಹಳ್ಳಿಗಳ ನೋಟವಾಯಿತು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರಕಾರ ಪಬ್ಜಿಯನ್ನು ನಿಷೇಧಿಸಿತು, ಮರುವರ್ಷ ಜುಲೈನಲ್ಲಿ ಅದು ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿತು. ಮೊಬೈಲ್ ಆಟವನ್ನು ಎಲ್ಲರ ಕೈಗೆ ತಂದಿತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮೊಬೈಲ್ ಅಂಟು ಹಾಕಿ ಮುಚ್ಚಿದ ವಸ್ತು. ಅದರಲ್ಲಿ ರ‍್ಯಾಮ್ ಹೆಚ್ಚಿಸಲಾಗದು, ಚಿಪ್ ಬದಲಿಸಲಾಗದು. ನಿಧಾನವಾದರೆ ಇನ್ನೊಂದು ಕೊಳ್ಳುವುದೊಂದೇ ದಾರಿ. ಆ ಇಡೀ ಅವಧಿಯಲ್ಲಿ ನಮ್ಮ ಮನೆಯ ಹುಡುಗರು ಯಂತ್ರದ ಒಳಗೆ ಏನಿದೆ ಎಂಬುದನ್ನು ಒಮ್ಮೆಯೂ ಕಾಣದೆ ದೊಡ್ಡವರಾದರು.

ಅಣ್ಣನ ಮಗ ಕಂಪ್ಯೂಟರ್ ಕಡೆಗೆ ಹೊರಳಿದ್ದು ಡಿಗ್ರಿಗೆ ಸೇರಿದ ಮೇಲೆ, 2024ರಲ್ಲಿ. ಅವನಿಗೆ ಬೇಕಾದದ್ದು ಜಿಟಿಎ 5. ಆಟಕ್ಕೆಂದೇ ಹೊಸ ಯಂತ್ರ ಕಟ್ಟಿಸಿದರೆ ಐವತ್ತು–ಅರವತ್ತು ಸಾವಿರ. ಮನೆಯಲ್ಲಿ ಸಿಕ್ಕ ಒಪ್ಪಿಗೆ ಹದಿನೈದು ಸಾವಿರದೊಳಗೆ. ಅದೇ ಹೊತ್ತಿಗೆ ಪರಿಚಯದ ಸೊಸಾಯಿಟಿಯೊಂದರಲ್ಲಿ ಹೊಸ ಕಂಪ್ಯೂಟರ್ ತಂದು, ಹಳೆಯ ಎರಡನ್ನು ಗೋಡೆಯ ಬದಿಗೆ ಇಟ್ಟಿದ್ದರು. ಆಡಳಿತ ಮಂಡಳಿಯಲ್ಲಿ ಠರಾವು ಮಾಡಿ, ಪಾವತಿ ಹರಿದು, ಎರಡನ್ನೂ ಸೇರಿಸಿ ನಾಲ್ಕು ಸಾವಿರ ರೂಪಾಯಿಗೆ ಕೊಟ್ಟರು. ಕೊಡುವ ಮೊದಲು ಹಾರ್ಡ್ ಡಿಸ್ಕ್ ಬಿಚ್ಚಿ ಇಟ್ಟುಕೊಂಡರು. ಅದು ಸರಿಯಾದ ಕೆಲಸ. ಸದಸ್ಯರ ಖಾತೆ, ಆಧಾರ್, ಸಾಲದ ವಿವರ ಇರುವ ಡಿಸ್ಕ್ ಕಚೇರಿಯ ಬಾಗಿಲು ದಾಟಬಾರದು.

ಡೆಲ್ ಆಪ್ಟಿಪ್ಲೆಕ್ಸ್ 3020, ಎತ್ತರದ ಡಬ್ಬಿಯದು. ಇಂಟೆಲ್ ನಾಲ್ಕನೇ ತಲೆಮಾರಿನ ಐ5 ಪ್ರೊಸೆಸರ್, 4 ಜಿಬಿ ಡಿಡಿಆರ್3 ರ‍್ಯಾಮ್. ಮುಚ್ಚಳದ ಮೇಲೆ ವಿಭೂತಿಯ ಮೂರು ಗೆರೆ, ಮೇಲೊಂದು ಕುಂಕುಮದ ಬೊಟ್ಟು. ಖಂಡೇಪೂಜೆಗೆ ವರ್ಷವೂ ಹಚ್ಚಿದ್ದು, ಒಂದರ ಮೇಲೊಂದು ಕೂತು ಗಟ್ಟಿಯಾಗಿತ್ತು. ಮುಂದಿನ ಜಾಳಿಗೆಯ ಸಂದಿಯಲ್ಲಿ ಒಣಗಿದ ಚೆಂಡುಹೂವಿನ ಎಸಳು. ಹುಡುಗ ಪಕ್ಕದ ಮುಚ್ಚಳ ಸರಿಸಿದಾಗ ಫ್ಯಾನಿನ ರೆಕ್ಕೆಗಳು ಕಾಣಿಸಲಿಲ್ಲ, ಅಷ್ಟು ದೂಳು. ನೋಟು ಎಣಿಸುವ ಕಡೆಯ ಕಾಗದದ ಪುಡಿ, ಊದಿನಕಡ್ಡಿಯ ಮಸಿ, ರಸ್ತೆಯ ಮಣ್ಣು ಸೇರಿ ಹೀಟ್‌ಸಿಂಕಿನ ಗೆರೆಗಳ ನಡುವೆ ಅರಿವೆಯ ಹಾಗೆ ಹೆಣೆದುಕೊಂಡಿತ್ತು.

ಮುಂದಿನ ಕೆಲಸವನ್ನು ಅವನು ಮಾಡಿದ ರೀತಿ ನನಗೆ ಇಂದಿಗೂ ಮೆಚ್ಚುಗೆ. ಪಂಚರ್ ಅಂಗಡಿಗೆ ಒಯ್ದು ಹವಾ ಹೊಡೆಸಿದ. ಹೊಡೆಸುವ ಮೊದಲು ಪೈಪಿನಿಂದ ಒಂದಿಷ್ಟು ಗಾಳಿ ಹೊರಬಿಟ್ಟು ಟಾಕಿಯ ನೀರಿನ ಪಸೆ ಹೋಗಲಿ ಅಂದ. ಫ್ಯಾನು ಗಾಳಿಗೆ ಗಿರ್ರನೆ ತಿರುಗಿ ಹಾಳಾಗದಂತೆ ಬೆರಳಿನಿಂದ ಒತ್ತಿ ಹಿಡಿದ. ಮನೆಗೆ ಬಂದು ಪ್ರೊಸೆಸರಿನ ಮೇಲಿನ ಹೀಟ್‌ಸಿಂಕ್ ಎತ್ತಿದ. ಹತ್ತು ವರ್ಷದ ಹಿಂದಿನ ಪೇಸ್ಟ್ ಒಣಗಿ ಪುಡಿಯಾಗಿತ್ತು. ಒರೆಸಿ, ಹೊಸ ಪೇಸ್ಟ್ ಅವರೆಕಾಳಿನಷ್ಟು ಹಾಕಿ ಕೂರಿಸಿದ. ಎರಡನೇ ಯಂತ್ರದ ರ‍್ಯಾಮ್ ತೆಗೆದು ಅದರ ಬಂಗಾರ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಎರಡೂ ಬದಿಗೆ ಉಜ್ಜಿ, ಪುಡಿ ಊದಿ, ಇದರ ಖಾಲಿ ಸ್ಲಾಟಿಗೆ ಹಾಕಿದ. 4 ಮತ್ತು 4 ಸೇರಿ 8 ಜಿಬಿ. 8ರದು ಒಂದೇ ಇದ್ದರೂ ನಡೆಯುತ್ತಿತ್ತು, ಆದರೆ ಎರಡು ಸ್ಲಾಟಿನಲ್ಲಿ ಸಮನಾಗಿ ಇದ್ದರೆ ಪ್ರೊಸೆಸರು ಎರಡೂ ದಾರಿಯಿಂದ ಒಮ್ಮೆಗೇ ಓದುತ್ತದೆ, ವೇಗ ಹೆಚ್ಚು ಎಂದು ನನಗೆ ತಿಳಿಸಿ ಹೇಳಿದ. ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್ ಸತ್ತಿದ್ದರಿಂದ ತಾರೀಖು ಹಿಂದಕ್ಕೆ ಹೋಗಿತ್ತು. ತಾರೀಖು ತಪ್ಪಿದ್ದರೆ ಎಷ್ಟೋ ಜಾಲತಾಣಗಳು ಸುರಕ್ಷಿತವಲ್ಲ ಎಂದು ಬಾಗಿಲು ಮುಚ್ಚುತ್ತವೆ. ಸಿಆರ್2032 ಸೆಲ್ ಹಾಕಿದೊಡನೆ ಅದೂ ಸರಿಯಾಯಿತು. ಇಷ್ಟರ ತನಕ ಯಂತ್ರದ ಬೆಲೆ ಬಿಟ್ಟರೆ ಖರ್ಚಾದದ್ದು ನೂರರ ಲೆಕ್ಕದಲ್ಲಿ.

ಹಾರ್ಡ್ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಬಂತು. ಹಳೆಯ ಕಚೇರಿ ಕಂಪ್ಯೂಟರಿಗೆ ಕಡಿಮೆ ದುಡ್ಡಿನಲ್ಲಿ ಜೀವ ತುಂಬುವುದು ಇದೇ. ತಿರುಗುವ ತಟ್ಟೆಯ ಡಿಸ್ಕ್ ಒಂದೊಂದು ಕಡತಕ್ಕೂ ಸೂಜಿಯನ್ನು ಆಚೆ ಈಚೆ ಒಯ್ಯಬೇಕು, ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ. ಮಿನಿಟುಗಟ್ಟಲೆ ತೆರೆದುಕೊಳ್ಳುತ್ತಿದ್ದ ವಿಂಡೋಸ್ ಕೆಲವು ಸೆಕೆಂಡಿಗೆ ಬಂತು. ಆಟದ ಚಿತ್ರಕ್ಕೆ ಅದರಿಂದ ಏನೂ ಆಗುವುದಿಲ್ಲ, ಆದರೆ ಯಂತ್ರ ಹಳೆಯದೆಂಬ ಅನಿಸಿಕೆ ಹೋಗುತ್ತದೆ.

ಉಳಿದದ್ದು ಗ್ರಾಫಿಕ್ಸ್ ಕಾರ್ಡ್. ಇಪ್ಪತ್ತು ವರ್ಷದ ಹಿಂದೆ ನಾವು ನಿಂತುಹೋದ ಜಾಗ. ಅಗ್ಗಕ್ಕೆ ಸಿಗುತ್ತದೆಂದು ಗೆಳೆಯರು ಅವನಿಗೆ ಹೇಳಿದ್ದು ಆರ್‌ಎಕ್ಸ್ 580. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ಎಂಬ ಡಿಜಿಟಲ್ ನಾಣ್ಯದ ಜಾಲ ತನ್ನ ಪದ್ಧತಿ ಬದಲಿಸಿ ಕಾರ್ಡುಗಳಿಂದ ನಾಣ್ಯ ಗಳಿಸುವುದು ನಿಂತ ಮೇಲೆ ಅಂಥ ಕಾರ್ಡುಗಳು ರಾಶಿಯಾಗಿ ಹಳೆ ಮಾಲಿನ ಮಾರುಕಟ್ಟೆಗೆ ಬಂದಿದ್ದವು. ಹುಡುಗ ಅದನ್ನು ಬೇಡವೆಂದ.

"ಕಾಕಾ, ಕಾರ್ಡ್ ಚೊಲೋನ ಐತ್ರಿ. ಆದ್ರ ಈ ಡಬ್ಬಿ ಎಷ್ಟು ವ್ಯಾಟ್ ಕೊಡ್ತೈತಿ ಅನ್ನೂದು ಮದ್ಲ ನೋಡಬೇಕ್ರಿ."

ನೋಡಿದೆವು. ಒಳಗಿನ ಭಾಗಗಳಿಗೆಲ್ಲ ಕರೆಂಟ್ ಹಂಚುವ ಎಸ್‌ಎಂಪಿಎಸ್ ಮೇಲಿನ ಚೀಟಿಯಲ್ಲಿ 290 ವ್ಯಾಟ್. ಆರ್‌ಎಕ್ಸ್ 580 ಒಂದೇ 185 ವ್ಯಾಟ್ ಎಳೆಯುತ್ತದೆ, ಅದಕ್ಕೆ ಎಸ್‌ಎಂಪಿಎಸ್‌ನಿಂದ ಬೇರೆ ಪಿನ್ ಬೇಕು. ಕಚೇರಿಗೆ ಮಾಡಿದ ಈ ಡಬ್ಬಿಯಲ್ಲಿ ಆ ಪಿನ್ನೇ ಇಲ್ಲ. ಎಸ್‌ಎಂಪಿಎಸ್ ಬದಲಿಸೋಣವೆಂದರೆ ಮದರ್‌ಬೋರ್ಡಿಗೆ ಹೋಗುವ ಪ್ಲಗ್ಗು ಎಲ್ಲ ಕಡೆ ಸಿಗುವ 24 ಪಿನ್ನಿನದಲ್ಲ, ಕಂಪನಿಯ ಸ್ವಂತದ 8 ಪಿನ್ನಿನದು, ನಡುವೆ ಅಡಾಪ್ಟರ್ ಬೇಕು. ಹಾರ್ಡ್ ಡಿಸ್ಕಿನ ವೈರಿನಿಂದ ಕಾರ್ಡಿಗೆ ಕರೆಂಟ್ ಕೊಡುವ ಜೋಡಣೆಯ ವೈರುಗಳು ಇನ್ನೂರು ರೂಪಾಯಿಗೆ ಸಿಗುತ್ತವೆ. ಅಷ್ಟು ಸಣ್ಣ ಪಿನ್ನಿನಿಂದ ಅಷ್ಟು ಕರೆಂಟ್ ಎಳೆದರೆ ಪ್ಲಗ್ಗು ಕರಗುತ್ತದೆ, ಬೆಂಕಿಯೂ ಹತ್ತಬಹುದು. ಆಟಕ್ಕಾಗಿ ಹಳೆ ಯಂತ್ರ ಸಜ್ಜು ಮಾಡುವವರು ಎಲ್ಲಿ ದುಡ್ಡು ಉಳಿಸಿದರೂ ಅಲ್ಲಿ ಮಾತ್ರ ಉಳಿಸಬಾರದು.

ಹಾಗಾದರೆ ಮದರ್‌ಬೋರ್ಡಿನ ಸ್ಲಾಟೇ ಕೊಡುವ ಕರೆಂಟಿನಲ್ಲಿ ಓಡುವ ಕಾರ್ಡ್ ಬೇಕು. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಹೆಚ್ಚೆಂದರೆ 75 ವ್ಯಾಟ್ ಕೊಡುತ್ತದೆ. 2016ರಲ್ಲಿ ಬಂದ ಜಿಟಿಎಕ್ಸ್ 1050 ಟಿಐ ಸರಿಯಾಗಿ ಆ 75ಕ್ಕೇ ಅಳತೆ ಮಾಡಿದ್ದು, ಅದಕ್ಕೆ 4 ಜಿಬಿ ಮೆಮರಿ. ಇನ್ನೂ ಕಡಿಮೆ ದುಡ್ಡಿದ್ದವರಿಗೆ 60 ವ್ಯಾಟಿನ 750 ಟಿಐ ಇದೆ. ತೆಳ್ಳನೆಯ ಡಬ್ಬಿಯವರಿಗೆ 30 ವ್ಯಾಟಿನ ಜಿಟಿ 1030 ಇದೆ, ಆಟ ಅಷ್ಟಕ್ಕಷ್ಟೆ. ಪ್ರೊಸೆಸರಿಗೆ 84, ಕಾರ್ಡಿಗೆ 75, ಉಳಿದೆಲ್ಲ ಸೇರಿದರೂ 200 ದಾಟುವುದಿಲ್ಲ. 290ರ ಎಸ್‌ಎಂಪಿಎಸ್‌ಗೆ ಉಸಿರಾಡಲು ಜಾಗ ಉಳಿಯುತ್ತದೆ.

ಕಾರ್ಡು ತಂದದ್ದು ನಾನು, ಕೆಲಸಕ್ಕೆಂದು ಬೆಂಗಳೂರಿಗೆ ಹೋದಾಗ. ಎಸ್.ಪಿ. ರಸ್ತೆ ಅಂದರೆ ಸಾದರ ಪತ್ರಪ್ಪ ರಸ್ತೆ, ಸಿಟಿ ಮಾರ್ಕೆಟ್ ಬಳಿಯದು. ದೊಡ್ಡ ಕಂಪನಿಗಳು ಲೀಸಿಗೆ ಪಡೆದು, ಅವಧಿ ಮುಗಿದ ಮೇಲೆ ಹಿಂತಿರುಗಿಸಿದ ಕಂಪ್ಯೂಟರುಗಳು ಅಲ್ಲಿ ನೆಲದಿಂದ ಮಾಳಿಗೆಯ ತನಕ ಪೇರಿಸಿಟ್ಟಿರುತ್ತವೆ. ನಮ್ಮ ಸೊಸಾಯಿಟಿಯ ಡಬ್ಬಿಯ ಒಡಹುಟ್ಟಿದವು ಎಷ್ಟೋ ಕಂಡವು. ಹುಡುಗ ಫೋನಿನಲ್ಲಿ ಹೇಳಿಕೊಟ್ಟ ಹಾಗೆ ಕಾರ್ಡನ್ನು ಅಂಗಡಿಯ ಯಂತ್ರದಲ್ಲೇ ಹಾಕಿಸಿ, ಜಿಪಿಯು-ಝಡ್ ಎಂಬ ಪುಕ್ಕಟೆ ತಂತ್ರಾಂಶ ತೆರೆಸಿ ನೋಡಿದೆ. ಹಳೆಯ ದುರ್ಬಲ ಕಾರ್ಡಿಗೆ 1050 ಟಿಐ ಎಂದು ಸುಳ್ಳು ಹೆಸರು ತುಂಬಿ ಮಾರುವ ದಂಧೆ ಇದೆ, ಆ ತಂತ್ರಾಂಶ ಅಂಥದ್ದನ್ನು ನಕಲಿ ಎಂದು ಗುರುತಿಸಿ ತೋರಿಸುತ್ತದೆ. ಒಂದಿಷ್ಟು ಹೊತ್ತು ಭಾರದ ಪರೀಕ್ಷೆಯಲ್ಲಿ ಓಡಿಸಿ, ಫ್ಯಾನಿನ ಸದ್ದು ಕೇಳಿ, ಸುಮಾರು ಆರು ಸಾವಿರ ಕೊಟ್ಟು ತಂದೆ. ಎಸ್‌ಎಸ್‌ಡಿ, ಕೀಬೋರ್ಡ್, ಮೌಸ್, ಸೊಸಾಯಿಟಿಯಿಂದಲೇ ಬಂದ ಹಳೆಯ ಎಲ್‌ಇಡಿ ಮಾನಿಟರ್ ಎಲ್ಲ ಸೇರಿ ಮನೆಯಲ್ಲಿ ಒಪ್ಪಿದ ಮೊತ್ತದ ಒಳಗೇ ಮುಗಿಯಿತು.

ಜಿಟಿಎ 5 ಕಂಪ್ಯೂಟರಿಗೆ ಬಂದದ್ದು 2015ರ ಏಪ್ರಿಲ್‌ನಲ್ಲಿ. ಚೆನ್ನಾಗಿ ಆಡಲು ಇರಬೇಕೆಂದು ಆಗ ಹೇಳಿದ್ದು ಐ5 3470 ಪ್ರೊಸೆಸರ್, 8 ಜಿಬಿ ರ‍್ಯಾಮ್, ಜಿಟಿಎಕ್ಸ್ 660 ಕಾರ್ಡ್. ನಮ್ಮ ಯಂತ್ರದ ಪ್ರೊಸೆಸರು ಅದಕ್ಕಿಂತ ಒಂದು ತಲೆಮಾರು ಮುಂದಿನದು, ರ‍್ಯಾಮ್ ಸರಿಸಮ, ಕಾರ್ಡಿನ ಮೆಮರಿ ಎರಡರಷ್ಟು. ವೈಸ್ ಸಿಟಿಯ ಹೊದಿಕೆಯ ಮೂರು ಸಾಲಿನ ಎದುರು ನಮ್ಮ ಪೆಂಟಿಯಂ ಸೋತಿತ್ತು, ಈ ಮೂರು ಸಾಲಿನ ಎದುರು ಸೊಸಾಯಿಟಿಯ ಡಬ್ಬಿ ಗೆದ್ದಿತು. ಆಟ ಕೊಳ್ಳುವ ಖರ್ಚೂ ಬರಲಿಲ್ಲ. 2020ರ ಮೇ ತಿಂಗಳಲ್ಲಿ ಎಪಿಕ್ ಗೇಮ್ಸ್ ಅದನ್ನು ಒಂದು ವಾರ ಪುಕ್ಕಟೆ ಕೊಟ್ಟಾಗ ನಾನು ನನ್ನ ಖಾತೆಗೆ ಪಡೆದಿಟ್ಟಿದ್ದೆ. ಊರಿಗೆ ಬಂದ ಫೈಬರ್ ಲೈನಿನಲ್ಲಿ ರಾತ್ರಿಯಿಡೀ ಇಳಿಸಿಕೊಂಡದ್ದಾಯಿತು. ಕಚೇರಿಯ ಮಾನಿಟರ್ 1366ಕ್ಕೆ 768ರದು. ಅದು ಕಡಿಮೆಯೇ ಸರಿ, ಆದರೆ ಮೂಡಿಸಬೇಕಾದ ಚುಕ್ಕೆಗಳು ಕಡಿಮೆಯಾದಷ್ಟೂ ಕಾರ್ಡಿನ ಭಾರ ಇಳಿಯುತ್ತದೆ. ಆಟ ತಡವರಿಸದೆ ಓಡಿತು. ನಕಲು ಸಿ.ಡಿ. ಹಿಡಿದು ತಾಲ್ಲೂಕು ಸುತ್ತಿದ ಅಣ್ಣ ಸಂಜೆ ಹೊಲದಿಂದ ಬಂದವನು ಕುರ್ಚಿ ಎಳೆದುಕೊಂಡು ಮಗನ ಪಕ್ಕ ಕೂತು ಆಡಿದ.

ಕರೆಂಟಿನ ಲೆಕ್ಕವನ್ನೂ ಹಾಕಿ ನೋಡಿದ್ದೇವೆ. 200 ವ್ಯಾಟಿನಂತೆ ದಿನಕ್ಕೆ ಎರಡು ತಾಸು ಆಡಿದರೆ ಅರ್ಧ ಯೂನಿಟ್ಟಿಗೂ ಕಡಿಮೆ, ತಿಂಗಳಿಗೆ ಹನ್ನೆರಡು. 2023ರಿಂದ ಗೃಹಜ್ಯೋತಿಯ ಪುಕ್ಕಟೆ ಕರೆಂಟ್ ಬಂದ ಮೇಲೆ ಅದು ಮನೆಯವರ ತಕರಾರಿಗೂ ಸಿಗುವುದಿಲ್ಲ.

ಅಂದಿಗೂ ಇಂದಿಗೂ ಇರುವ ವ್ಯತ್ಯಾಸವನ್ನು ಬರೀ ಅಗ್ಗ–ತುಟ್ಟಿಯಲ್ಲಿ ಹೇಳಿ ಮುಗಿಸಿದರೆ ಅರ್ಧ ಹೇಳಿದಂತೆ. ನಮ್ಮ ಪೆಂಟಿಯಂ ನಾಲ್ಕೇ ವರ್ಷಕ್ಕೆ ನಿಜವಾಗಿಯೂ ಕೈಲಾಗದ್ದಾಗಿತ್ತು. ಈ ಡೆಲ್ ಹತ್ತು ವರ್ಷ ದಾಟಿಯೂ ಕೈಲಾಗುವಂಥದ್ದು. ಪ್ರೊಸೆಸರುಗಳ ಓಟ ಮೊದಲಿನಷ್ಟು ಜೋರಾಗಿಲ್ಲ. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನ ಆಕಾರ 2004ರಿಂದ ಬದಲಾಗಿಲ್ಲ, ಹೊಸ ಕಾರ್ಡು ಹಳೆ ಸ್ಲಾಟಿಗೆ ಕೂರುತ್ತದೆ. ಎಂದರೆ ಇವತ್ತು ಹಳೆಯದನ್ನು ಹಿಡಿದವರಿಗೆ ಯಂತ್ರ ಕೈಕೊಡುವುದಿಲ್ಲ.

ಕೈಕೊಡುವುದು ನಿಯಮ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಮುಂದಿನ ವಿಂಡೋಸ್ 11 ಅಧಿಕೃತವಾಗಿ ಬಹುಮಟ್ಟಿಗೆ ಇಂಟೆಲ್ಲಿನ ಎಂಟನೇ ತಲೆಮಾರಿನಿಂದ ಈಚಿನ ಪ್ರೊಸೆಸರುಗಳಿಗೆ ಮಾತ್ರ, ಜೊತೆಗೆ ಟಿಪಿಎಂ 2.0 ಎಂಬ ಸುರಕ್ಷತಾ ವ್ಯವಸ್ಥೆ ಬೇಕು. ಅದೇ ತಿಂಗಳು ಎನ್‌ವಿಡಿಯಾ 1050 ಟಿಐ ಸೇರಿದ ಪ್ಯಾಸ್ಕಲ್ ಪೀಳಿಗೆಯ ಕಾರ್ಡುಗಳಿಗೆ ಹೊಸ ಆಟಗಳ ಡ್ರೈವರ್ ಕೊಡುವುದನ್ನು ನಿಲ್ಲಿಸಿತು, ಸುರಕ್ಷತೆಯ ಪರಿಷ್ಕರಣೆ ಮಾತ್ರ 2028ರ ಅಕ್ಟೋಬರ್ ತನಕ. ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡಲು ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಎರಡೂ ಇರಬೇಕು. ಆಟಗಳ ಅಂಗಡಿಯಾದ ಸ್ಟೀಮ್ 2024ರ ಜನವರಿ 1ಕ್ಕೇ ವಿಂಡೋಸ್ 7ರ ಕೈಬಿಟ್ಟಿತ್ತು. ನಿನ್ನೆ ರಾತ್ರಿ ಓಡುತ್ತಿದ್ದ ಯಂತ್ರ ಬೆಳಗಾಗುವುದರೊಳಗೆ ಹಳತೆಂದು ಬರೆಸಿಕೊಳ್ಳುತ್ತದೆ, ಅದರ ಒಂದು ಸ್ಕ್ರೂ ಕೂಡ ಸಡಿಲಾಗಿರುವುದಿಲ್ಲ.

ಸುರಕ್ಷತೆಯ ಕಾರಣ ಸುಳ್ಳಲ್ಲ. ಬ್ಯಾಂಕಿನ ಕೆಲಸ ಮಾಡುವ ಯಂತ್ರಕ್ಕೆ ಪರಿಷ್ಕರಣೆ ಬೇಕೇ ಬೇಕು, ಸೊಸಾಯಿಟಿ ತನ್ನದನ್ನು ಬದಲಿಸಿದ್ದೂ ಸರಿಯೇ. ಆದರೆ ಪಟ್ಟಣ ಬಿಟ್ಟದ್ದನ್ನು ಹಿಡಿದು ಕಲಿಯುವ ಊರುಗಳ ಲೆಕ್ಕವನ್ನು ಈ ನಿಯಮ ಬರೆಯುವವರು ಹಿಡಿಯಬೇಕಿತ್ತು. ಎಂಟನೇ ತಲೆಮಾರಿನ ಗೆರೆ ಎಳೆದಾಗ ಆಚೆಗೆ ಉಳಿದದ್ದು ನಮ್ಮ ಹುಡುಗನಂಥ ಎಷ್ಟೋ ಹುಡುಗರ ಮೊದಲ ಕಂಪ್ಯೂಟರ್. ದಾರಿಗಳು ಮುಚ್ಚಿಲ್ಲ ಎಂಬುದೂ ಅಷ್ಟೇ ಖರೆ. ಜಿಟಿಎ 5ರ ಹೊಸ ಆವೃತ್ತಿ 2025ರ ಮಾರ್ಚಿನಲ್ಲಿ ಬಂದಾಗ ಅದಕ್ಕೆ ಹೆಚ್ಚು ಬಲದ ಯಂತ್ರ ಬೇಕಾಯಿತು, ಆದರೆ ಕಂಪನಿಯವರು ಹಳೆಯ ಆವೃತ್ತಿಯನ್ನೂ ಉಳಿಸಿಕೊಟ್ಟರು. ಎಲ್ಲರೂ ಹೀಗೆ ಮಾಡಬಹುದು. ಲಿನಕ್ಸ್ ಹಾಕಿದರೆ ವಿಂಡೋಸಿನ ಗೊಡವೆಯಿಲ್ಲ. ಸ್ಟೀಮ್‌ನವರ ಪ್ರೋಟಾನ್ 2018ರಲ್ಲಿ ಬಂದಂದಿನಿಂದ ವಿಂಡೋಸಿಗೆಂದೇ ಮಾಡಿದ ಅನೇಕ ಆಟಗಳು ಲಿನಕ್ಸ್‌ನಲ್ಲೂ ಓಡುತ್ತಿವೆ. ವ್ಯಾಲರಂಟ್‌ನಂಥ ಕೆಲವು ಓಡುವುದಿಲ್ಲ. ನಮ್ಮ ಹುಡುಗ ಎಸ್‌ಎಸ್‌ಡಿಯ ಒಂದು ಭಾಗದಲ್ಲಿ ಲಿನಕ್ಸನ್ನೂ ಹಾಕಿ ಆಡಿ ನೋಡುತ್ತಿದ್ದಾನೆ.

2025ರ ಕೊನೆಗೆ ಎಐ ದತ್ತಾಂಶ ಕೇಂದ್ರಗಳು ಮೆಮರಿ ಚಿಪ್ಪುಗಳನ್ನೆಲ್ಲ ಎಳೆದುಕೊಳ್ಳತೊಡಗಿ ಹೊಸ ರ‍್ಯಾಮಿನ ಬೆಲೆ ಒಂದೇ ಸಮನೆ ಏರಿತು. ಹೊಸ ಕಂಪ್ಯೂಟರ್ ಕಟ್ಟಿಸುವುದು ಇನ್ನಷ್ಟು ದೂರ ಸರಿಯಿತು. ಹೀಗಿರುವಾಗ ಕಚೇರಿಗಳ ಮೂಲೆಯಲ್ಲಿ ಬಿದ್ದ ಡಬ್ಬಿಗಳನ್ನು ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕುವುದು ದೊಡ್ಡ ನಷ್ಟ. ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಸೀಮೆಯಲ್ಲಿ ಪತ್ತಿನ ಸೊಸಾಯಿಟಿ, ಸೌಹಾರ್ದ ಸಹಕಾರಿ, ಸಕ್ಕರೆ ಕಾರ್ಖಾನೆಗಳಿಗೆ ಬರವಿಲ್ಲ. ಅವು ಕಂಪ್ಯೂಟರ್ ಬದಲಿಸುವಾಗ ಡಿಸ್ಕ್ ತೆಗೆದಿಟ್ಟುಕೊಂಡು ಉಳಿದದ್ದನ್ನು ಊರಿನ ಹುಡುಗ–ಹುಡುಗಿಯರಿಗೆ ಸಣ್ಣ ಬೆಲೆಗೆ ಕೊಡುವ ಠರಾವು ಮಾಡಲಿ ಎಂಬುದು ನನ್ನ ಕಳಕಳಿಯ ಮಾತು. ಯಾವುದಕ್ಕೂ ಬಾರದ್ದನ್ನು ಮಾತ್ರ ಇ-ತ್ಯಾಜ್ಯ ನಿಯಮದ ಪ್ರಕಾರ ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಲಿ.

ಆಟಕ್ಕೆ ಯಾಕೆ ಇಷ್ಟು ಎಂದು ಕೇಳುವ ಹಿರಿಯರಿಗೆ ಹೇಳುವುದು ಇಷ್ಟೇ. ಜಿಟಿಎ ಆಡಬೇಕೆಂಬ ಆಸೆ ಇರದಿದ್ದರೆ ಆ ಹುಡುಗ ವ್ಯಾಟ್ ಲೆಕ್ಕ ಹಾಕುತ್ತಿರಲಿಲ್ಲ, ಚೀಟಿ ಓದುತ್ತಿರಲಿಲ್ಲ, ಅಗ್ಗದ ಕಾರ್ಡಿಗೆ ಬೇಡ ಅನ್ನುತ್ತಿರಲಿಲ್ಲ. 2004ರಲ್ಲಿ ನಮ್ಮಲ್ಲಿ ಇರದಿದ್ದದ್ದು ಎಜಿಪಿ ಸ್ಲಾಟ್ ಒಂದೇ ಅಲ್ಲ. ಮುಚ್ಚಳ ತೆಗೆದು, ಇದರಿಂದ ಇಷ್ಟು ಆಗುತ್ತದೆ ಇಷ್ಟು ಆಗುವುದಿಲ್ಲ ಎಂದು ದುಡ್ಡು ಕೊಡುವ ಮೊದಲೇ ಹೇಳಬಲ್ಲ ಒಬ್ಬರೂ ಊರಲ್ಲಿ ಇರಲಿಲ್ಲ. ಈಗ ಒಬ್ಬ ಇದ್ದಾನೆ. ಈ ವರ್ಷ ಅವನ ಬಳಿಗೆ ದ್ರಾಕ್ಷಿ ವ್ಯಾಪಾರಿಯೊಬ್ಬರ ಹಳೆಯ ಎಚ್‌ಪಿ, ಶಾಲಾ ಮಾಸ್ತರರೊಬ್ಬರ ಲ್ಯಾಪ್‌ಟಾಪ್ ಬಂದಿವೆ. ಎರಡಕ್ಕೂ ಅವನು ಮೊದಲು ಬಿಚ್ಚಿ ನೋಡಿ, ಆಮೇಲೆ ಖರ್ಚು ಹೇಳಿದ್ದಾನೆ.